ಕಿಟಕಿಯ ಮೇಲಿನ ಲೋಟ

ಪ್ರಥಮ ಏಕಾದಶಿಯ ದಿನ ಹೊಸಪೇಟೆಯ ಮಠದ ಸಾಲಿನಲ್ಲಿ ನಾನು ನಿಂತದ್ದು ಅಜ್ಜಿಯ ಕೈ ಹಿಡಿದುಕೊಳ್ಳಲು, ಮುದ್ರೆ ಹಾಕಿಸಿಕೊಳ್ಳಲು ಅಲ್ಲ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಿಂದ ಹೊರಡುವಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಗಟ್ಟಿ ಮಾತನ್ನು ಕೊನೆಗೆ ಇಟ್ಟುಕೊಳ್ಳುವುದು ಡಿಬೇಟಿನಲ್ಲಿ ಹತ್ತಿದ ಚಟ.

ನಮ್ಮ ಮನೆತನದವರಿಗೆ ವರ್ಷಕ್ಕೊಮ್ಮೆ ಸ್ವಾಮಿಗಳು ಹೋಮದ ಕೆಂಡದಲ್ಲಿ ಕಾಯಿಸಿದ ಶಂಖ-ಚಕ್ರದ ಅಚ್ಚನ್ನು ತೋಳಿಗೆ ಒತ್ತುತ್ತಾರೆ. ಚುರ್ ಎನ್ನುತ್ತದೆ, ನಾಲ್ಕು ದಿನದಲ್ಲಿ ಮಾಯುತ್ತದೆ. ಉರಿಗೆ ನನ್ನ ತಕರಾರಿಲ್ಲ. ಹಿಂದಿನ ವರ್ಷದವರೆಗೆ ನಾನೂ ಒತ್ತಿಸಿಕೊಂಡವಳೇ. ಆದರೆ ಮುದ್ರೆ ಹಾಕಿಸಿಕೊಳ್ಳದವರ ಕೈಯಿಂದ ಅಜ್ಜಿ ನೀರನ್ನೂ ಕುಡಿಯುವುದಿಲ್ಲ. ವಡ್ಡು ಎಂಬ ಹಳ್ಳಿಯಿಂದ ಬಂದಿದ್ದ, ಮುದ್ರೆಯ ಪದ್ಧತಿಯಿಲ್ಲದ ಮನೆಯ ನನ್ನ ಡಿಬೇಟ್ ಜೊತೆಗಾತಿ ಒಮ್ಮೆ ಅವಳಿಗೆ ನೀರು ಕೊಟ್ಟಳು. ಅಜ್ಜಿ ನಕ್ಕು, ಲೋಟವನ್ನು ಕಿಟಕಿಯ ಮೇಲಿಟ್ಟಳು. ಸಂಜೆಯವರೆಗೂ ಅದು ಅಲ್ಲೇ ಇತ್ತು. ಹೊರಡುವಾಗ ಗೆಳತಿ ಅದನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದಳು.

ಆ ಸಲ ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆ ಕಂಪ್ಲಿಗೆ ಹೋಗಿದ್ದಳು. ಮರುದಿನ ಅಜ್ಜಿಯ ಉಪವಾಸ ಬಿಡಿಸುವ ಅಡುಗೆ ನನ್ನ ಪಾಲಿಗೆ ಬಂದಿತ್ತು.

ನಮ್ಮ ಸರದಿ ಬಂದಾಗ, "ನನಗ ಬ್ಯಾಡ" ಅಂದೆ.

ಹಿಂದೆ ನಿಂತಿದ್ದ ಹೆಂಗಸು ಬಿಡಲಿಲ್ಲ. "ಈಗಿನವ್ರಿಗೆ ಟ್ಯಾಟೂ ಆದ್ರ ನೋವಾಗಂಗಿಲ್ಲ. ಮುದ್ರಿ ಅಂದ್ರ ಭಾಳ ಉರಿ."

"ಟ್ಯಾಟೂ ಇಲ್ಲ ಅಂತ ಯಾರೂ ನನ್ನ ಕೈ ನೀರು ಬಿಡಂಗಿಲ್ರಿ" ಅಂದೆ.

ಅಜ್ಜಿ ನನ್ನನ್ನೇ ನೋಡಿದಳು. "ಇದು ನಿನ್ನ ಮಾತೋ, ಚೀಟಿಯೊಳಗ ಬಂದದ್ದೋ?"

ಡಿಬೇಟಿನಲ್ಲಿ ಪರವೋ ವಿರೋಧವೋ ಚೀಟಿ ಎತ್ತಿ ತೀರ್ಮಾನಿಸುತ್ತಾರೆಂದು ನಾನೇ ಅವಳಿಗೆ ಹೇಳಿದ್ದೆ. ದೇವರ ಪರ ಮಾತಾಡಿ ಗೆದ್ದ ಕಪ್ ಅವಳ ದೇವರ ಮನೆಯಲ್ಲಿದೆ.

"ಚೀಟಿ ಇಲ್ಲಜ್ಜಿ. ನಂದ ಮಾತು."

"ಹಂಗಾದ್ರ ಸರಿ. ನಂದೂ ನಂದ" ಎಂದು ತೋಳು ಚಾಚಿದಳು. ಅಚ್ಚು ಒತ್ತಿದಾಗ ನನ್ನ ಬೆರಳು ಹಿಂಡಿದಳು.

ಮರುದಿನ ಬೆಳಿಗ್ಗೆ ಕಾಳುಮೆಣಸು ಹಾಕಿ ಹೆಸರುಬೇಳೆ ತೊವ್ವೆ ಮಾಡಿದೆ. ಅಜ್ಜಿ ಬಂದು, ಪಕ್ಕದ ಒಲೆ ಹಚ್ಚಿ, ತನ್ನ ಬೇಳೆ ತಾನಿಟ್ಟಳು.

"ನೀ ನಂದು ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ" ಅಂದೆ.

"ಬ್ಯಾಡ ಬಿಡು. ನಿನ್ನೆ ಸಿಟ್ಟಿಗೆ ಉಂಡಿಲ್ಲ, ಇವತ್ತೂ ಬಿಟ್ರ ಎರಡು ಏಕಾದಶಿ ಪುಣ್ಯ ನಿನಗ."

ಯಾವ ವೇದಿಕೆಯ ಮೇಲೂ ನನಗೆ ಇಂಥ ಏಟು ಬಿದ್ದಿರಲಿಲ್ಲ. ಪುಣ್ಯ ತಪ್ಪಿಸಿಕೊಳ್ಳಲೆಂದೇ ನನ್ನ ತೊವ್ವೆಯನ್ನು ನಿಂತಲ್ಲೇ ಉಂಡೆ. ಆಮೇಲೆ ಅವಳಿಗೊಂದು ಲೋಟ ನೀರು ಕೊಟ್ಟೆ. ನಕ್ಕು, ಕಿಟಕಿಯ ಮೇಲಿಟ್ಟಳು.

ಗೆಳತಿಗೆ ಫೋನ್ ಮಾಡಿ, "ಈಗ ಇಬ್ರೂ ಒಂದ ಸಾಲಿಗೆ ಬಂದ್ವಿ ನೋಡಲೇ" ಅಂದೆ.

"ನೀ ಮುಂದಿನ ವರ್ಷ ಹಾಕಿಸ್ಕೊಂಡ್ರ ನಿಂದು ಸರಿ ಹೋಗ್ತದ" ಅಂದಳು. "ನಂದು?"

ಆಮೇಲೆ ಎರಡು ಪ್ರಥಮ ಏಕಾದಶಿ ಕಳೆದಿವೆ. ಹಾಕಿಸಿಕೊಂಡಿಲ್ಲ. ಅಮ್ಮ ಮರಳಿ ಬಂದು ಅಡುಗೆ ಹಿಡಿದಿದ್ದಾಳೆ, ಅಜ್ಜಿ ಹಸಿದಿಲ್ಲ. ನಾನು ಮಾತ್ರ ದಿನಾ ಬೆಳಿಗ್ಗೆ ಕಿಟಕಿಯ ಮೇಲಿನ ಆ ಲೋಟ ತೊಳೆದು, ನೀರು ತುಂಬಿ, ಅವಳ ಕೈಗೇ ಕೊಡುತ್ತೇನೆ.