ಸಿಡಿಲಕ್ಕ ಕೈಗವಸು ಕಳಚಿದ ಸಂಚಿಕೆ

ಕೋವಿಡ್ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಅಜ್ಜಂಪುರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೆ. ಮನೆ ಕಡೂರಿನಲ್ಲಿ. ಬೆಳಿಗ್ಗೆ ಎಂಟೂಕಾಲರ ಬಸ್ಸಿನಲ್ಲಿ ಬೀರೂರಿನ ಮೇಲೆ ಹೋಗಿ ಸಂಜೆ ಅದೇ ದಾರಿಯಲ್ಲಿ ಮರಳುವುದು ಹದಿನಾಲ್ಕು ವರ್ಷಗಳ ಅಭ್ಯಾಸ. ಇದಲ್ಲದೆ ಇಲಾಖೆಯ ಲಿಖಿತ ಅನುಮತಿ ಪಡೆದು ಬೆಂಗಳೂರಿನ ಒಂದು ಪ್ರಕಾಶನದ ಮಾಸಿಕ ಕಾಮಿಕ್ಸ್‌ಗೆ ಚಿತ್ರ ಬರೆಯುತ್ತಿದ್ದೆ. ಈಗ ಎರಡರಿಂದಲೂ ನಿವೃತ್ತಳು. ಅಷ್ಟೂ ವರ್ಷ ಬರೆದ ಪುಟಗಳಲ್ಲಿ ನನ್ನ ನೆಮ್ಮದಿ ಕೆಡಿಸಿದ್ದು ಒಂದೇ ಒಂದು ಚೌಕ. ಹದಿನೇಳನೆಯ ಪುಟದ ನಾಲ್ಕನೆಯ ಚೌಕ.

ನಮ್ಮ ನಾಯಕಿಯ ಹೆಸರು ಸಿಡಿಲಕ್ಕ. ಅವಳ ಅಂಗೈಯಲ್ಲಿ ಸಿಡಿಲಿತ್ತು. ಮುಟ್ಟಿದರೆ ಸಾಕು, ಎಂಥ ಕಳ್ಳನೂ ಕೈಕಾಲು ಸತ್ತು ಬೀಳುತ್ತಿದ್ದ. ಉಳಿದ ಹೊತ್ತಿನಲ್ಲಿ ಅವಳು ಮೊಣಕೈವರೆಗೆ ಕೈಗವಸು ತೊಡಲೇಬೇಕು. ಕಥೆ, ಸಂಭಾಷಣೆ ಬೆಂಗಳೂರಿನಿಂದ ಸ್ಕ್ರಿಪ್ಟ್ ಆಗಿ ಬರುತ್ತಿತ್ತು. ನಾನು ಮೊದಲು ಪೆನ್ಸಿಲ್ಲಿನಲ್ಲಿ ಪುಟ ಬರೆದು ಕಳಿಸಬೇಕು. ಇದಕ್ಕೆ ಪೆನ್ಸಿಲಿಂಗ್ ಎನ್ನುತ್ತಾರೆ. ಸಂಪಾದಕರು ತಿದ್ದಿದ ಮೇಲೆ ಅದೇ ಗೆರೆಗಳ ಮೇಲೆ ಶಾಯಿ ಹಿಡಿಯುವುದು ಇಂಕಿಂಗ್. ಬಣ್ಣ ತುಂಬುವವರು ಬೇರೆ.

ಸಂಪಾದಕರ ತಿದ್ದುಪಡಿಗಳು ನನಗೆ ಬಾಯಿಪಾಠವಾಗಿದ್ದವು. ಸೊಂಟ ಇನ್ನೂ ಸಣ್ಣದಾಗಲಿ. ಉಡುಪು ಮೈಗೆ ಅಂಟಲಿ. ಹೊಡೆದಾಡುವಾಗ ಸ್ವಲ್ಪ ಬಾಗಿ ನಿಲ್ಲಲಿ. ಸಿಡಿಲು ಹೊಡೆಯುವವಳು ಯಾಕೆ ಬಾಗಬೇಕು ಎಂದು ಕೇಳಿದರೆ ಅದೇ ತಿದ್ದುಪಡಿ ಮತ್ತೊಮ್ಮೆ ಬರುತ್ತಿತ್ತು. ಇಷ್ಟೆಲ್ಲ ಮೈಮಾಟ ಬೇಕಿದ್ದವರಿಗೆ ಅವಳು ಯಾರನ್ನಾದರೂ ಇಷ್ಟಪಡುವುದು ಮಾತ್ರ ಬೇಕಿರಲಿಲ್ಲ. ಅದೇ ಪ್ರಕಾಶನದ ಇನ್ನೊಂದು ಪುಸ್ತಕದ ನಾಯಕನಿಗೆ ಮೂರು ಊರಿನಲ್ಲಿ ಮೂವರು ಪ್ರೇಯಸಿಯರು. ನಮ್ಮವಳ ಹೆಸರಿಗೇ ‘ಅಕ್ಕ’ ಅಂಟಿಸಿ ಕೈತೊಳೆದುಕೊಂಡಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡೇ ಅವರು ಹೇಳಿದ ಹಾಗೆ ಬರೆದುಕೊಡುತ್ತಲೂ ಇದ್ದೆ.

ಸಿಡಿಲಕ್ಕನ ಮುಖ ಮಾತ್ರ ನನ್ನದೇ ಆಯ್ಕೆ. ಬಸ್ಸಿನಲ್ಲಿ ಸ್ಕೆಚ್ ಪುಸ್ತಕ ಬಿಚ್ಚಿ ಸುತ್ತಲಿನವರ ಮುಖ ಬರೆದುಕೊಳ್ಳುವುದು ನನ್ನ ಹಳೆಯ ಚಾಳಿ. ನಮ್ಮ ಬಸ್ಸಿನಲ್ಲಿ ಶೈಲಾ ಎಂಬ ಸರ್ವೇಯರ್ ಬರುತ್ತಿದ್ದಳು. ಜಮೀನು ಅಳೆದು ಹದ್ದುಬಸ್ತು ಗುರುತಿಸುವ ಕೆಲಸ. ಬದುವಿಗಾಗಿ ಕುಡುಗೋಲು ಹಿಡಿದು ನಿಂತ ಇಬ್ಬರ ನಡುವೆ ಅಳತೆಯ ಟೇಪು ಎಳೆದು ಬರುವ ಹುಡುಗಿ. ಮೂವತ್ಮೂರು ವರ್ಷ, ಮದುವೆಯಾಗಿರಲಿಲ್ಲ. ಎಡಗಡೆ ಮೂರನೆಯ ಸೀಟಿನ ಕಿಟಕಿಯಲ್ಲಿ ಕೂತು, ಪಕ್ಕದ ಜಾಗದಲ್ಲಿ ನೀಲಿ ಬ್ಯಾಗು ಇಡುತ್ತಿದ್ದಳು. ನಾನು ಕೇಳಿದರೂ ತೆಗೆಯುತ್ತಿರಲಿಲ್ಲ.

“ನಕ್ಷೆ ಅವೆ ಮೇಡಂ, ಮಡಚ್ಕಂಡೋಗ್ತವೆ” ಎನ್ನುತ್ತಿದ್ದಳು.

ಹಾಗಾಗಿ ನಾನು ಓರೆಯಲ್ಲಿ ಕೂತು ಅವಳ ಮುಖ ಬರೆದೆ. ನಾಯಕಿಗೆ ಹಾಕುತ್ತೇನೆ ಎಂದಾಗ ನಕ್ಕು, “ಮೂಗು ಒಸಿ ಸಣ್ಣ ಮಾಡಿ” ಎಂದಳು. ಒಪ್ಪಿಗೆ ಕೇಳಿದ್ದು ಅಷ್ಟೇ, ಅದೂ ಅವಳೊಬ್ಬಳದ್ದು.

ಸಿಡಿಲಕ್ಕ ಶುರುವಾದ ಎರಡನೆಯ ವರ್ಷ ಸಂಪಾದಕರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಕಾಲೇಜು ಹುಡುಗಿಯರು ಕಾಗದ ಬರೆಯುತ್ತಿದ್ದಾರೆ, ಸಿಡಿಲಕ್ಕನಿಗೂ ಒಬ್ಬ ಪ್ರಿಯಕರ ಬರಲಿ ಎಂದರು. ಸ್ಕ್ರಿಪ್ಟ್ ಓದಿ ನಿಜವಾಗಿಯೂ ಸಂತೋಷಪಟ್ಟೆ. ಹದಿನೇಳನೆಯ ಪುಟದಲ್ಲಿ ಅವಳು ತಾನಾಗಿ ಕೈಗವಸು ಕಳಚಿ ಅವನ ಕೈ ಹಿಡಿಯುತ್ತಾಳೆ. ಸಿಡಿಲು ಹೊಡೆಯುವುದಿಲ್ಲ. ಅವಳು ಬಯಸಿ ಮುಟ್ಟಿದರೆ ಅದು ಸುಮ್ಮನಿರುತ್ತದೆ ಎಂದು ಅವಳಿಗೇ ಆಗ ಗೊತ್ತಾಗುತ್ತದೆ. ಆ ಚೌಕಕ್ಕೆ ನಾಲ್ಕು ದಿನ ತೆಗೆದುಕೊಂಡೆ. ಸೊಂಟ ಸಣ್ಣ ಮಾಡಲಿಲ್ಲ, ಯಾರೂ ಬಾಗಿ ನಿಲ್ಲಲಿಲ್ಲ.

ಆ ಪ್ರಿಯಕರನಿಗೊಂದು ಮುಖ ಬೇಕಿತ್ತು. ಸ್ಕೆಚ್ ಪುಸ್ತಕ ತಿರುವಿ ಹಾಕಿದೆ. ಬೀರೂರಿನಲ್ಲಿ ಹತ್ತಿ ಬಲಗಡೆ ಹಿಂದೆ ಕೂರುತ್ತಿದ್ದ ಒಬ್ಬರ ಮುಖ ಏಳೆಂಟು ಕಡೆ ಇತ್ತು. ನಾಗರಾಜು, ಅಜ್ಜಂಪುರದ ಪಶು ಆಸ್ಪತ್ರೆಯಲ್ಲಿ ಕೆಲಸ. ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಶೈಲಾಳ ಮುಖದ ಎದುರಿಗೆ ಇಟ್ಟರೆ ಬಹಳ ಚೆನ್ನಾಗಿ ಹೊಂದಿತು. ಅದು ಯಾಕೆ ಅಷ್ಟು ಹೊಂದಿತು ಎಂದು ಆಗ ಯೋಚಿಸಲಿಲ್ಲ. ಅವರನ್ನು ಒಂದು ಮಾತು ಕೇಳಲೂ ಇಲ್ಲ.

ಪುಸ್ತಕ ಬಂದ ಮೂರನೆಯ ದಿನ ನಮ್ಮ ಬಸ್ಸಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ಚೌಕ ಹಾಕಿ, ಪಕ್ಕದಲ್ಲಿ ಬಸ್ಸಿನಲ್ಲೇ ತೆಗೆದ ಒಂದು ಫೋಟೊ ಇಟ್ಟಿದ್ದರು. ಶೈಲಾ ಕಿಟಕಿಯಲ್ಲಿ, ನಾಗರಾಜು ಹಿಂದೆ. ಮಾರನೆಯ ಬೆಳಿಗ್ಗೆ ಕಂಡಕ್ಟರ್ ಟಿಕೆಟ್ ಹರಿಯುತ್ತ, “ಏನ್ ಕಣ್ರೀ ಸರ್ವೇಯರ್ ಮೇಡಂ, ಪುಸ್ತಕದಲ್ಲಿ ಬಂದ್ಬಿಟ್ರಲ್ಲ” ಎಂದ. ಬಸ್ಸು ನಕ್ಕಿತು. ನಾನೂ ನಕ್ಕೆ. ಶೈಲಾ ನಗಲಿಲ್ಲ. ಬೀರೂರಿನಲ್ಲಿ ನಾಗರಾಜು ಹತ್ತಲಿಲ್ಲ. ಮರುದಿನದಿಂದ ಅವಳೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಶೈಲಾ ತನ್ನ ಅಣ್ಣನ ಜೊತೆ ನಮ್ಮ ಮನೆಗೆ ಬಂದಳು. ಅಣ್ಣ ಮಂಜುನಾಥನಿಗೆ ತರೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಜೋರು ಮಾಡುವ ಆಳಲ್ಲ, ಹೆದರಿಕೊಂಡಿದ್ದ. ಚೌಳಹಿರಿಯೂರಿನಿಂದ ಒಂದು ಸಂಬಂಧ ಕೂಡಿಬಂದಿತ್ತಂತೆ. ಗಂಡಿನ ಕಡೆಯವರಿಗೂ ಆ ಫೋಟೊ ತಲುಪಿತ್ತು.

“ಅದು ಬರೀ ಕತೆ, ಮುಂದಿನ ಪುಸ್ತಕದಲ್ಲಿ ಎಲ್ಲಾ ಸರಿಹೋಯ್ತದೆ ಅಂತ ಹೇಳಿ ಕಳ್ಸಿದೀನಿ. ಸರಿ, ಆ ಪುಸ್ತಕ ಬರ್ಲಿ, ಆಮೇಲೆ ನೋಡಣ ಅಂದವ್ರೆ” ಎಂದ. “ಆತನ್ನ ಅಣ್ಣ ಅಂತ ಮಾಡ್ಬಿಡಿ ಮೇಡಂ. ಇಲ್ಲ ಅಂದ್ರೆ ಸಾಯಿಸ್ಬಿಡಿ. ನಿಮ್ ಕೈಲಿ ಐತೆ.”

ಒಂದು ಮದುವೆ ಕಾಮಿಕ್ಸಿನ ಮುಂದಿನ ಸಂಚಿಕೆಗಾಗಿ ಕಾದು ಕೂತಿತ್ತು. ಶೈಲಾ ಕಾಫಿ ಲೋಟ ಹಿಡಿದು ನೆಲ ನೋಡುತ್ತಿದ್ದಳು. ಹೊರಡುವಾಗ ಅಣ್ಣ ಬೈಕು ತಿರುಗಿಸಲು ಹೋದ. ಗೇಟಿನ ಬಳಿ ಅವಳು ತಡೆದು ನಿಂತಳು.

“ಮೇಡಂ, ನೀವು ನಮ್ಮಿಬ್ರನ್ನ ಗಮನಿಸ್ತಿದ್ರಾ?”

“ಇಲ್ಲ ಕಣಮ್ಮ. ಇಬ್ಬರ ಮುಖ ಹೊಂದುತ್ತೆ ಅಂತ ಹಾಕಿದೆ, ಅಷ್ಟೇ.”

“ನಾಕು ವರ್ಷ ಆಯ್ತು. ಮನೇಲಿ ಒಬ್ರಿಗೂ ಗೊತ್ತಾಗಿಲ್ಲ. ಜಾತಿ ಬೇರೆ, ಅಮ್ಮ ಒಪ್ಪಲ್ಲ. ಆ ಬ್ಯಾಗು ಯಾಕಿಡ್ತಿದ್ದೆ ಗೊತ್ತಾ? ಜಾಗ ಇದ್ರೆ ಅವ್ರು ಬಂದು ಕೂತ್ಬಿಡೋರು. ನಾನು ಏಳಿ ಅಂತ ಅಂತಿರ್ಲಿಲ್ಲ.”

ಬೈಕು ಶುರುವಾಯಿತು, ಅವಳು ಹೋದಳು. ಒಳಗೆ ಬಂದು ಸ್ಕೆಚ್ ಪುಸ್ತಕ ತೆಗೆದೆ. ನಾಗರಾಜುವಿನ ಏಳೆಂಟು ಚಿತ್ರಗಳಲ್ಲೂ ಕಣ್ಣು ಒಂದೇ ಕಡೆಗೆ, ಎಡಗಡೆ ಮುಂದಕ್ಕೆ ನೆಟ್ಟಿತ್ತು. ಆ ದಿಕ್ಕಿನಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೂ ನಾನೇ ಬರೆದಿದ್ದೆ. ಕೈ ನೋಡಿದ್ದನ್ನು ತಲೆ ನೋಡಿರಲಿಲ್ಲ.

ಮಾರನೆಯ ದಿನವೇ ಸಂಪಾದಕರಿಗೆ ಫೋನ್ ಮಾಡಿದೆ. ಅವರು ಮುಂದಿನ ಸ್ಕ್ರಿಪ್ಟನ್ನು ಆಗಲೇ ಮುಗಿಸಿದ್ದರು. ನಾಯಕಿಯ ಪ್ರೇಮ ಕಥೆಯನ್ನು ಮುಗಿಸಲು ನಮ್ಮ ಕಸುಬಿನಲ್ಲಿ ಮೂರೇ ದಾರಿ ಇವೆ, ಅವರೇ ಹೇಳಿದರು. ಮದುವೆ ಮಾಡಿಸಿ ಶಕ್ತಿ ಕಿತ್ತುಕೊಳ್ಳುವುದು. ಅವನು ಅಣ್ಣನೋ ತಮ್ಮನೋ ಎಂದು ಗೊತ್ತಾಗುವುದು. ಇಲ್ಲವೆ ಅವನು ಸಾಯುವುದು. ತರೀಕೆರೆಯ ಹಾರ್ಡ್‌ವೇರ್ ಅಂಗಡಿಯವನೂ ಬೆಂಗಳೂರಿನ ಸಂಪಾದಕರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಅವರು ಆರಿಸಿದ್ದು ಸಾವು. ಹೆಬ್ಬೆ ಜಲಪಾತದ ಬಂಡೆಯಿಂದ ಅವನು ಜಾರುತ್ತಾನೆ, ಕೊನೆಯುಸಿರಿನಲ್ಲಿ ಅವಳನ್ನು ‘ಅಕ್ಕ’ ಎಂದು ಕರೆಯುತ್ತಾನೆ.

ಬೇರೆ ಯಾವುದಾದರೂ ಕೊನೆ ಮಾಡಿ, ಇಬ್ಬರ ಬದುಕಿನ ಪ್ರಶ್ನೆ ಎಂದೆ. ನೀವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ ಎಂದರು. ಹೋಗಲಿ, ಮುಖ ಬದಲಾಯಿಸಲೇ ಎಂದು ಕೇಳಿದೆ. ಒಪ್ಪಂದ ನೋಡಿಕೊಳ್ಳಿ ಎಂದರು. ನೋಡಿದೆ. ಪಾತ್ರದ ಹಕ್ಕು ಪ್ರಕಾಶನದ್ದು, ಮುಖವೂ ಪಾತ್ರದ ಭಾಗ. ಶೈಲಾಳ ಮುಖದ ಮೇಲೆ ಶೈಲಾಳಿಗೂ ಹಕ್ಕಿಲ್ಲ, ಅದನ್ನು ಬರೆದ ನನಗೂ ಇಲ್ಲ. ಬಿಟ್ಟರೆ ಇನ್ನಾರೋ ಅದೇ ಮುಖವನ್ನು ಬಾಗಿಸಿ ಬಳುಕಿಸಿ ಬರೆಯುತ್ತಾರೆ. ಬರೆದರೆ ಚೌಳಹಿರಿಯೂರಿನ ಸಂಬಂಧಕ್ಕೆ ನಾನೇ ಬಾಗಿಲು ತೆರೆದುಕೊಟ್ಟ ಹಾಗೆ. ಹನ್ನೆರಡು ದಿನ ಹಾಳೆ ಮುಂದಿಟ್ಟುಕೊಂಡು ಕೂತೆ. ಶಾಲೆಯಲ್ಲಿ ಮಕ್ಕಳಿಗೆ ವಿನಾಕಾರಣ ಗದರಿದೆ.

ಕೊನೆಗೆ ಬರೆದೆ. ಧೈರ್ಯವಾಗಿ ಏನೋ ಮಾಡಿದೆ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ಮಾಡಲಿಲ್ಲ. ಬಂಡೆ ಬರೆದೆ, ನೀರು ಬರೆದೆ, ಅವನ ಬಾಯಿಯ ಪಕ್ಕ ‘ಅಕ್ಕ’ ಎಂಬ ಮಾತಿಗೆ ಜಾಗ ಬಿಟ್ಟೆ.

ಪುಸ್ತಕ ತರೀಕೆರೆ ಬಸ್‌ಸ್ಟ್ಯಾಂಡಿಗೆ ಬಂದ ದಿನವೇ ಮಂಜುನಾಥ ಇಪ್ಪತ್ತು ಪ್ರತಿ ಕೊಂಡು ನೆಂಟರಿಷ್ಟರಿಗೆಲ್ಲ ಹಂಚಿದ. ಗಂಡಿನ ಕಡೆಯವರು ಭಾನುವಾರ ಬಂದು ಮಾತು ಮುಗಿಸುತ್ತೇವೆ ಎಂದು ಹೇಳಿ ಕಳಿಸಿದರಂತೆ. ಇದನ್ನು ಅವನೇ ಫೋನ್ ಮಾಡಿ ತಿಳಿಸಿದ. “ದೊಡ್ಡ ಉಪಕಾರ ಆಯ್ತು ಮೇಡಂ” ಎಂದ.

ಗುರುವಾರ ಶೈಲಾ ಬಸ್ಸಿಗೆ ಬಂದಳು. ಅದೇ ಮೂರನೆಯ ಸೀಟು, ಪಕ್ಕದಲ್ಲಿ ಅದೇ ಬ್ಯಾಗು. ನಾನು ಓರೆಯಲ್ಲಿ ಹಿಂದೆ ಕೂತೆ, ಮುಖ ತೋರಿಸಲು ನಾಚಿಕೆ. ಅವಳು ಹೊಸ ಸಂಚಿಕೆ ಬಿಚ್ಚಿ ನಿಧಾನವಾಗಿ ಕೊನೆಯ ಪುಟದವರೆಗೂ ಓದಿದಳು. ಬೀರೂರು ಬಂತು. ಹದಿನೈದು ಇಪ್ಪತ್ತು ಜನ ಹತ್ತಿದರು. ಹಿಂಬಾಗಿಲಲ್ಲಿ ನಾಗರಾಜುವೂ ಹತ್ತಿದರು, ಕೂರಲು ಜಾಗವಿಲ್ಲದೆ ಅಲ್ಲೇ ಕಂಬಿ ಹಿಡಿದು ನಿಂತರು. ಶೈಲಾ ತಿರುಗಿ ನೋಡಿದಳು. ಪುಸ್ತಕವನ್ನು ಬ್ಯಾಗಿಗೆ ತುರುಕಿ, ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಬಸ್ಸಿನವರೆಲ್ಲ ನೋಡಿದರು. ಅಷ್ಟು ಜನ ನಿಂತಿದ್ದರೂ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ನಾಗರಾಜು ಕದಲಲಿಲ್ಲ. ಎರಡು ನಿಲ್ದಾಣ ಹೀಗೇ ಹೋಯಿತು. ಮೂರನೆಯದರಲ್ಲಿ ಅಂತರಘಟ್ಟೆಗೆ ಹೊರಟಿದ್ದ ಒಬ್ಬ ಅಜ್ಜಿ ಹತ್ತಿ, ಸೀಟಿಗೆ ಕೈಯೂರಿ ಕೇಳಿತು.

“ಯಾರಾನ ಬತ್ತಾರೇನವ್ವಾ ಇಲ್ಲಿ?”

“ಬತ್ತಾರೆ ಕಣಜ್ಜಿ” ಎಂದಳು ಶೈಲಾ. ಹೊಲದಲ್ಲಿ ಅಳತೆ ಕೂಗುವ ದನಿ ಅದು, ಹಿಂಬಾಗಿಲವರೆಗೂ ಕೇಳಿತು. “ಹತ್ತಿ ಆಗೈತೆ. ಧೈರ್ಯ ಬರಬೇಕು, ಅಷ್ಟೇಯ.”

ನಾನು ಎದ್ದು ಅಜ್ಜಿಗೆ ನನ್ನ ಸೀಟು ಕೊಟ್ಟೆ. ಈ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಆಮೇಲೆ ಹಿಂದಿನಿಂದ ಜನ ಒತ್ತರಿಸಿ ದಾರಿ ಬಿಡುವ ಸದ್ದಾಯಿತು. ನಾಗರಾಜು ಬಂದರು, ಕಿವಿ ಕೆಂಪಾಗಿತ್ತು. ಆ ಸೀಟಿನಲ್ಲಿ ಕೂತರು. ಶೈಲಾ ಕಿಟಕಿಯ ಕಡೆಗೆ ಒಂದಿಷ್ಟು ಸರಿದು ಜಾಗ ಮಾಡಿದಳು. ಯಾರೂ ನಗಲಿಲ್ಲ. ನನ್ನ ಕೈ ತಾನಾಗಿ ಸ್ಕೆಚ್ ಪುಸ್ತಕಕ್ಕೆ ಹೋಯಿತು. ಅದನ್ನು ಬಿಚ್ಚದೆ, ಅಜ್ಜಂಪುರದವರೆಗೂ ಹೊರಗಿನ ರಾಗಿ ಹೊಲ ನೋಡುತ್ತ ನಿಂತಿದ್ದೆ.

ಚೌಳಹಿರಿಯೂರಿನವರು ಭಾನುವಾರ ಬರಲಿಲ್ಲ. ಮುಂದೆ ಏನಾಯಿತೆಂದು ನನಗೆ ಗೊತ್ತು, ಬರೆಯುವುದಿಲ್ಲ, ಅದು ಅವರಿಬ್ಬರದು. ಆ ವರ್ಷವೇ ನಾನು ಸಿಡಿಲಕ್ಕನನ್ನು ಬಿಟ್ಟೆ. ಹೆಣ್ಣಿನ ಮೈಯನ್ನು ಎಷ್ಟು ಬೇಕಾದರೂ ಬರೆಸುವ ಈ ಕಸುಬು ಹೆದರುವುದು ಅವಳ ಇಷ್ಟಕ್ಕೆ ಮಾತ್ರ. ಅದನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಇನ್ನೊಂದು ಪಾಠ ಇನ್ನೂ ಸಣ್ಣದು. ಯಾರ ಮುಖವನ್ನಾದರೂ ಬರೆಯುವ ಮುಂಚೆ ಕೇಳಬೇಕು.

ಹಾಗಾಗಿ ಈ ಬರಹವನ್ನು, ಹೆಸರು ಬದಲಾಯಿಸಿ, ಮೊದಲು ಶೈಲಾಳಿಗೆ ಕಳಿಸಿದೆ. ಅವಳು ಎರಡು ವಾಕ್ಯ ಹೊಡೆದುಹಾಕಿದಳು, ಅವು ಇಲ್ಲಿಲ್ಲ. ಅಂಚಿನಲ್ಲಿ ಒಂದು ಸಾಲು ಬರೆದಿದ್ದಳು: “ಮೇಡಂ, ಎರಡು ವರ್ಷ ನೋಡಿದ್ದೀರಿ. ಬ್ಯಾಗು ನೀಲಿ ಅಲ್ಲ, ಹಸಿರು.”

ಮೇಲೆ ನೀಲಿ ಎಂದಿರುವುದನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ.