ದ್ವೀಪದವರ ಮನೆಯ ಸಾವು

"ಅವರ ಮನೇಲಿ ಸಾವಾಗಿದೆ. ಈಗ ಏನ್ ಮಾಡ್ತಾರೆ?"

ಮಹಡಿಯ ಮೇಷ್ಟ್ರು ಗಟ್ಟಿಯಾಗಿ ಅಂದದ್ದು ಕೇಳಿ, ಕೆಳಗಿನ ಮನೆಯ ಟೈಲರಮ್ಮ ಮಿಷನ್ನು ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡಿದಳು.

"ಯಾರ ಮನೇಲಿ ಮೇಷ್ಟ್ರೇ?"

"ದ್ವೀಪದವರ ಮನೇಲಿ."

ಮೇಷ್ಟ್ರು ಭೂಗೋಳ ಪಾಠ ಹೇಳಿ ನಿವೃತ್ತರಾದ ಒಂಟಿ ಮನುಷ್ಯ. ಎಲ್ಲಿಯೂ ಇಲ್ಲದ ದ್ವೀಪವೊಂದನ್ನು ಕಟ್ಟಿಕೊಂಡು ಆರು ವರ್ಷದಿಂದ ಅದರ ಕಥೆ ಬರೆಯುತ್ತಿದ್ದರು. ಅಲ್ಲಿಯವರಿಗೆ ದೇವರಿಲ್ಲ, ಪೂಜೆಯಿಲ್ಲ, ಸತ್ತ ಮೇಲೆ ಹೋಗಲು ಬೇರೆ ಲೋಕವೂ ಇಲ್ಲ.

"ದೇವರನ್ನ ಬಿಟ್ಟೋರಾ?"

"ಬಿಡೋಕೆ ಮೊದಲು ಇರ್ಬೇಕಲ್ಲಮ್ಮ. ಅವರಿಗೆ ಆ ಯೋಚನೆಯೇ ಬಂದಿಲ್ಲ."

"ಹಾಗಾದ್ರೆ ಎಡವಿ ಬಿದ್ರೆ, 'ಅಯ್ಯೋ ದೇವರೇ' ಬದಲು ಏನಂತಾರೆ?"

ಮೇಷ್ಟ್ರು ಬರೆದದ್ದನ್ನೆಲ್ಲ ತೆಗೆದು ಕೂತರು. ಅಂದೇ ಹನ್ನೊಂದು ಪುಟ ಹೊಡೆದುಹಾಕಿದರು.

ಆಮೇಲೆ ಗುಂಡಿಗೆ ಕಾಜಾ ಹೊಲಿಯುವ ಕೆಲಸ ಹಿಡಿದು ಅವಳು ದಿನಾ ಮೇಲೆ ಬಂದು ಕೂರುತ್ತಿದ್ದಳು. ಸಾವಿನ ಅಧ್ಯಾಯ ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ.

"ಹೆಣದ ಮುಂದೆ ನಿಂತು ಭಾಷಣ ಮಾಡ್ತಾರಲ್ಲ, ಇವರೇನು ಪಾಠ ಒಪ್ಪಿಸ್ತಾರಾ? ನಮ್ಮಮ್ಮ ಹೋದಾಗ ಯಾರಾದ್ರೂ ಹೀಗೆ ಮಾಡಿದ್ರೆ ಪೊರಕೆ ತಗೋತಿದ್ದೆ."

ಅದೊಂದು ಅಧ್ಯಾಯ ಉಳಿದಿರುವಾಗಲೇ ಮೇಷ್ಟ್ರ ಎದೆ ಕೈಕೊಟ್ಟಿತು. ಆಪರೇಷನ್ ಆಗಲೇಬೇಕು, ಉಳಿಯುವ ಭರವಸೆ ಕೊಡಲಾರೆ ಎಂದರು ಡಾಕ್ಟರು.

ಆಪರೇಷನ್ ದಿನ ಬೆಳಿಗ್ಗೆ ಹತ್ತಕ್ಕೆ ಒಳಗೆ ಕರೆದೊಯ್ಯುವವರಿದ್ದರು. ಒಂಬತ್ತೂವರೆಗೆ ಟೈಲರಮ್ಮ ಆಸ್ಪತ್ರೆಗೆ ಬಂದಾಗ ಮೇಷ್ಟ್ರ ಮೊಣಕಾಲ ಮೇಲೆ ಹಾಳೆ, ಕೈಯಲ್ಲಿ ಪೆನ್ನು.

"ಇದು ಮುಗೀದಿದ್ರೆ ದ್ವೀಪ ಮುಳುಗಿದ ಹಾಗೇ. ನಿಜ ಹೇಳಿ. ನಿಮ್ಮ ಯಜಮಾನರು ಹೋದಾಗ, ಜನ ಬಂದು ಶಾಸ್ತ್ರ ಶುರು ಮಾಡೋ ಮುಂಚೆ, ನೀವೇನ್ ಮಾಡಿದ್ರಿ?"

ಅದನ್ನು ಅವಳು ಹೆತ್ತ ಮಗಳಿಗೂ ಹೇಳಿರಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

"ಅವರ ಅಂಗಿಗೆ ಗುಂಡಿ ಹಾಕಿದೆ. ಎರಡು ದಿನದಿಂದ ಕೇಳ್ತಿದ್ರು. ಊರಿಗೆಲ್ಲ ಹೊಲ್ಕೊಟ್ಟು, ಅವರಿಗೆ ನಾಳೆ ನಾಳೆ ಅಂತಿದ್ದೆ. ಉಸಿರು ನಿಂತ್ಮೇಲೆ ಚಿಲಕ ಹಾಕ್ಕೊಂಡು ಹೊಲಿದೆ. ಮೈದುನ ಬಾಗಿಲು ಬಡೀತಾನೇ ಇದ್ದ. ತೆಗೀಲಿಲ್ಲ."

"ದೇವರು?"

"ನೆನಪಿಗೇ ಬರ್ಲಿಲ್ಲ ಮೇಷ್ಟ್ರೇ."

ಅವರು ಅದನ್ನೇ ದ್ವೀಪದ ಹೆಂಗಸೊಬ್ಬಳ ಕಥೆಯಾಗಿ ಬರೆಯತೊಡಗಿದರು. ಹೊರಗೆ ಸ್ಟ್ರೆಚರಿನ ಗಾಲಿ ಕಿರುಗುಟ್ಟಿತು.

"ಸಾಕು, ಮಲಗಿ," ಎಂದಳು ನರ್ಸು.

"ಒಂದು ಸಾಲು, ತಾಯಿ."

"ಎಲ್ಲರೂ ಹಾಗೇ ಅಂತಾರೆ," ಎಂದು ಅವಳು ಅವರ ಕನ್ನಡಕ ತೆಗೆದೇಬಿಟ್ಟಳು.

ಮೇಷ್ಟ್ರು ತಡಕಾಡಿ ಹಾಳೆಯನ್ನೂ ಪೆನ್ನನ್ನೂ ಟೈಲರಮ್ಮನ ಕೈಗೆ ತುರುಕಿದರು. ಅವಳನ್ನು ಅವರು ಕೊನೆಯದಾಗಿ ಕೇಳಿದ್ದು ಇಷ್ಟೇ:

"ಗುಂಡಿ ಹಾಕಿ ಆಯ್ತು. ಹೊರಗೆ ಇನ್ನೂ ಬಡೀತಿದ್ದಾರೆ. ಆಕೆ ಬಾಗಿಲು ಹೇಗೆ ತೆಗೆದಳು ಅಂತ ನೀವೇ ಬರೀರಿ. ಕಾಗುಣಿತ ತಪ್ಪಾದ್ರೂ ಚಿಂತೆಯಿಲ್ಲ."