ಗುಡ್ಡ ಹಸಿರಾದ ಮೇಲೆ

ನಮ್ಮ ದೊಡ್ಡವ್ವನ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ. ಚಿಕ್ಕಂದಿನಿಂದ ಕಟ್ಟಿಗೆ ಹೊತ್ತು ಹೊತ್ತು ಸಿಂಬಿ ಕೂರುವ ಜಾಗ ಸವೆದು ನುಣುಪಾಗಿತ್ತು. ಎಣ್ಣೆ ಹಚ್ಚುವಾಗ ನನ್ನ ಬೆರಳು ಅಲ್ಲಿ ಜಾರುತ್ತಿತ್ತು. “ಅಲ್ಲೇನ್ ಹುಡುಕ್ತಿ, ಅಲ್ಲಿ ಬೆಳಿ ಬರಂಗಿಲ್ಲ” ಎಂದು ನಗುತ್ತಿದ್ದಳು.

ಅವಳು ಅವ್ವನ ಅಕ್ಕ. ಮಕ್ಕಳಿರಲಿಲ್ಲ, ಗಂಡ ಬೇಗ ತೀರಿಕೊಂಡಿದ್ದ. ಗುಡೇಕೋಟೆ ಹತ್ತಿರದ ನಮ್ಮೂರಿನಲ್ಲಿ ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಅವ್ವ ಕೂಲಿಗೆ ಹೋದ ದಿನ ನಾನು ಉಂಡದ್ದು, ಮಲಗಿದ್ದು ಎಲ್ಲ ದೊಡ್ಡವ್ವನ ಹತ್ತಿರವೇ.

ಬೆಳಕು ಹರಿಯುವ ಮೊದಲೇ ಕೇರಿಯ ಹೆಂಗಸರು ಗುಂಪುಗೂಡಿ ಗುಡ್ಡಕ್ಕೆ ಹೋಗುತ್ತಿದ್ದರು. ಆಗ ಗುಡ್ಡ ಬೋಳು. ಬಂಡೆಗಳ ಸಂದಿಯಲ್ಲಿ ಮೊಣಕಾಲೆತ್ತರದ ಗಿಡ ಕಂಡರೆ ಅದನ್ನೂ ಬೇರುಸಮೇತ ಕಿತ್ತು ತರುವರು. ಉಳಿದ ಚಿಗುರು ಮೇಕೆಗಳ ಬಾಯಿಗೆ. ಒಬ್ಬರಿಗೊಬ್ಬರು ಮರೆಯಾದಾಗ “ಓ ಅಕ್ಕಾ” ಎಂದು ಕೂಗುವುದು, ಬಂಡೆಯಾಚೆಯಿಂದ “ಓ” ಎಂಬ ಉತ್ತರ. ಅತ್ತೆಯ ಕಾಟ, ಗಂಡನ ಕುಡಿತ, ಮನೆಯಲ್ಲಿ ಆಡಲಾಗದ್ದನ್ನೆಲ್ಲ ಅಲ್ಲಿ ಆಡುತ್ತಿದ್ದರು. “ಕಟ್ಟಿಗಿ ಬರೇ ನೆಪ. ನಾವು ಹೋಗೋದು ಮಾತಾಡಾಕ” ಎನ್ನುತ್ತಿದ್ದಳು ದೊಡ್ಡವ್ವ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ನರ್ಸ್ ಆಗಿ ಸೇರಿದ ಮೇಲೆ ಅವಳಿಗೆ ಗ್ಯಾಸ್ ಒಲೆ ಕೊಡಿಸಿದೆ. ಅಷ್ಟೊತ್ತಿಗೆ ಕೇರಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಗೂ ಸಿಲಿಂಡರ್ ಬಂದಿತ್ತು. ಗುಂಪಿನಲ್ಲಿ ಒಬ್ಬಳು ಪೇಟೆಯ ಹಾಸ್ಟೆಲಿನ ಅಡುಗೆಗೆ ಸೇರಿದಳು, ಒಬ್ಬಳು ಕೊಟ್ಟೂರಿಗೆ, ನೌಕರಿಯಲ್ಲಿದ್ದ ಮಗನ ಹತ್ತಿರ ಹೋದಳು, ಇನ್ನೊಬ್ಬಳು ಉಜ್ಜಿನಿಯ ಮಗಳ ಮನೆಗೆ. ಸಂಬಳ ಕಂಡ ಮಕ್ಕಳು ಮೇಕೆಗಳನ್ನು ಮಾರಿದರು. ಅರಣ್ಯದವರು ಸುತ್ತ ಕಂದಕ ತೋಡಿಸಿದರು. ಕಡಿಯುವ ಕೈ, ಮೇಯುವ ಬಾಯಿ ಎರಡೂ ದೂರವಾಗಿ, ಕೆಲವೇ ಮಳೆಗಾಲಗಳಲ್ಲಿ ಗುಡ್ಡ ಹಸಿರು ಹೊದ್ದುಕೊಂಡಿತು. ಕರಡಿಗಳೂ ಬಂದವು.

ದೊಡ್ಡವ್ವ ಮಾತ್ರ ಹೋಗುವುದನ್ನು ಬಿಡಲಿಲ್ಲ. ಬರಿಗೈಲಿ ಹೋಗಿ ಸೆರಗಿನಲ್ಲಿ ಒಂದೆರಡು ಸೀತಾಫಲ ಕಟ್ಟಿಕೊಂಡು ಬರುತ್ತಿದ್ದಳು. ಅವ್ವ ಗದರಿದರೆ, “ಮನ್ಯಾಗ ಕುಂತು ಯಾರ ಕೂಡ ಮಾತಾಡ್ಲಿ? ಎಲ್ಲಾರೂ ಫೋನ್ ನೋಡ್ತಾರ” ಎನ್ನುವಳು.

ರಜೆಗೆ ಬಂದಾಗ ಒಮ್ಮೆ ನಾನೂ ಜೊತೆಗೆ ಹೋದೆ. ಕಂದಕದ ಹತ್ತಿರ ಅರಣ್ಯ ಕಾವಲುಗಾರ ಸಿಕ್ಕ. “ಗುಡ್ಡ ಹೆಂಗ್ ಹಸರಾಗೇತಿ ನೋಡಬೇ ಅಜ್ಜಿ” ಎಂದ, ಹೆಮ್ಮೆಯಿಂದ.

“ಚಲೋ ಆತು ಬಿಡಪ್ಪ. ನಾವಽ ಬೋಳಿಸಿದ್ವಿ, ನಾವಽ ಬಿಟ್ವಿ. ಕರಡಿಗೂ ಒಂದು ಮನಿ ಬೇಕಲ್ಲ” ಎಂದಳು.

ಗುಡ್ಡದ ಮೇಲೆ, ಮೊದಲೆಲ್ಲ ಹೊರೆ ಇಳಿಸುತ್ತಿದ್ದ ಬಂಡೆಯ ಹತ್ತಿರ ಕಾಲುದಾರಿ ಮುಗಿದೇ ಹೋಗಿತ್ತು. ಮುಂದೆಲ್ಲ ಮುಳ್ಳು, ಬಳ್ಳಿ. ಒಂದು ಗಿಡದ ಎಲೆ ಸವರಿದಳು, ಮುಖದಲ್ಲಿ ಖುಷಿಯೇ ಇತ್ತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು “ಓ ಅಕ್ಕಾ” ಎಂದು ಕೂಗಿದಳು.

ನನಗೆ ಗಾಬರಿಯಾಯಿತು. “ಇಲ್ಲೇ ಅದೀನಲ್ಲ ದೊಡ್ಡವ್ವ.”

“ನಿನ್ನಲ್ಲವ್ವ ಕರದಿದ್ದು.”

ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಇಳಿಯತೊಡಗಿದಳು. ಅದಾದ ಮೇಲೆ ಅವಳು ಗುಡ್ಡ ಹತ್ತಲಿಲ್ಲ.

ಹೋದ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಎಷ್ಟೋ ಜನರ ಆರೈಕೆ ಮಾಡಿದ ನನಗೆ ಅವಳ ಕೈ ಹಿಡಿದು ಕೂರುವುದಷ್ಟೇ ಸಾಧ್ಯವಾಯಿತು. ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಮಲಗಿಸಿ ಮೇಣದಬತ್ತಿ ಹಚ್ಚಿದೆವು. ಸುದ್ದಿ ತಿಳಿದು ಕೊಟ್ಟೂರಿನವಳು ಬಂದಳು, ಉಜ್ಜಿನಿಯವಳು ಬಂದಳು, ಹಾಸ್ಟೆಲಿನವಳು ರಜೆ ಹಾಕಿ ಬಂದಳು. ಮೊದಲು ಅತ್ತರು. ಕುಣಿ ತೋಡುವುದು ತಡವಾಗಿ, ಕಟ್ಟೆಯ ಮೇಲೆ ಕೂತರು. “ನೆನಪೈತೇನಽ, ಇಕಿ ಬಳ್ಳಿ ನೋಡಿ ಹಾವಂತ ಹೊರಿ ಒಗದು ಓಡಿದ್ದು?” ಎಂದಳು ಒಬ್ಬಳು, ಪಡಸಾಲೆಯತ್ತ ಕೈ ತೋರಿಸಿ. ಉಳಿದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸೊಸೆ, ಸೊಂಟನೋವು, ಸತ್ತವರು, ಮಾತು ಎಲ್ಲೆಲ್ಲಿಗೋ ಹೋಯಿತು. ನಾನು ಚಹಾ ಹಿಡಿದು ಹೋದಾಗಲೂ ನಿಲ್ಲಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸಂಜೆಯ ಬಸ್ಸಿಗೆ ಎಲ್ಲರೂ ಒಟ್ಟಿಗೇ ಹೊರಟರು. ಬಸ್ಸು ತಿರುವು ದಾಟುವವರೆಗೂ ಅವರ ದನಿ ಕೇಳುತ್ತಿತ್ತು.